ಗೃಹಸಂಗ್ರಹದ ಒಣಬೆರ್ರಿ ಹಾಗೂ ಬೆಳಗಿನ ಉಪಾಹಾರ

ಸುಗ್ಗಿಯ ಕಾಲದಲ್ಲಿ ಕೂಡಿಟ್ಟು ಕೊರತೆಯ ಕಾಲದಲ್ಲಿ ಉಣ್ಣುವುದು ಮಾನವನು ಬೇಸಾಯವನ್ನು ಕಲಿತಂದಿನಿಂದಲೂ ನಡೆದುಬಂದಿರುವ ರೂಢಿ. ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ನೆಲವನ್ನು ಅಗೆದು, ಒಳಗೆ ಹುಲ್ಲು ಹೊದಿಸಿ, ಜೋಳವನ್ನು ತುಂಬಿ ಬಾಯಿ ಮುಚ್ಚುತ್ತಿದ್ದ ಹಗೇವುಗಳನ್ನು ಹಿರಿಯರು ಬಲ್ಲರು. ಬೇಸಗೆಯ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಣಗುವ ಹಪ್ಪಳ ಸಂಡಿಗೆಗಳನ್ನೂ ಜಾಡಿಯಲ್ಲಿ ಕೂಡಿಡುವ ಉಪ್ಪಿನಕಾಯಿಯನ್ನೂ ಅರಿಯದ ಕನ್ನಡಿಗರಿಲ್ಲ. ತೇವವಿದ್ದಲ್ಲಿ ಕೊಳೆತವಿದೆ, ತೇವವನ್ನು ನೀಗಿದರೆ ಆಹಾರವು ಬಾಳುತ್ತದೆ ಎಂಬ ಒಂದು ಸತ್ಯವೇ ಈ ಎಲ್ಲ ಕ್ರಮಗಳ ಹಿಂದೆ ಬಹುಮಟ್ಟಿಗೆ ನಿಂತಿದೆ.

ಇದೇ ಸತ್ಯವನ್ನು ಆಧುನಿಕ ವಿಜ್ಞಾನದ ನೆರವಿನಿಂದ ಬಹುದೂರ ಕೊಂಡೊಯ್ದಿರುವ ಒಂದು ಗೃಹಪದ್ಧತಿಯು ಅಮೆರಿಕ ದೇಶದಲ್ಲಿ, ಅದರಲ್ಲಿಯೂ ಪಶ್ಚಿಮದ ಯೂಟಾ ಸಂಸ್ಥಾನದಲ್ಲಿ, ಬಳಕೆಯಲ್ಲಿದೆ. ಅಲ್ಲಿಯ ಮನೆಗಳ ಉಗ್ರಾಣಗಳಲ್ಲಿ ಗೋಧಿ, ಅಕ್ಕಿ, ಕಾಳುಗಳ ಜೊತೆಗೆ ಹೆಪ್ಪುಗಟ್ಟಿಸಿ ಒಣಗಿಸಿದ ಸ್ಟ್ರಾಬೆರ್ರಿ, ಬ್ಲೂಬೆರ್ರಿ, ರಾಸ್‌ಬೆರ್ರಿ ಹಣ್ಣುಗಳ ಡಬ್ಬಿಗಳು ಸಾಲಾಗಿ ಕುಳಿತಿರುತ್ತವೆ. ಆ ಹಣ್ಣುಗಳು ಬೆಳಗಿನ ಉಪಾಹಾರದಲ್ಲಿ ಹೇಗೆ ಬಳಕೆಯಾಗುತ್ತವೆ, ಹಾಗೆ ಬಳಸುವುದು ಏಕೆ ಅಗತ್ಯ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಕೂಡಿಡುವುದು ಸಂಗ್ರಹದ ಅರ್ಧಭಾಗ ಮಾತ್ರ. ಕೂಡಿಟ್ಟುದನ್ನು ದಿನದಿನವೂ ಬಳಸಿ ಮತ್ತೆ ತುಂಬುವುದು ಅದರ ಉಳಿದರ್ಧ. ಈ ಎರಡನೆಯದನ್ನು ಮರೆತ ಮನೆಯ ಸಂಗ್ರಹವು ಆಪತ್ಕಾಲದಲ್ಲಿ ಕೈಕೊಡುತ್ತದೆ.

ಸಂಗ್ರಹದ ಹಿನ್ನೆಲೆ

ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ಕಣಿವೆಗೆ 1847ರಲ್ಲಿ ಬಂದು ನೆಲೆಸಿದವರು ಮಾರ್ಮನ್ನರೆಂದು ಲೋಕಪ್ರಸಿದ್ಧರಾದ ಕ್ರೈಸ್ತ ಪಂಥದವರು. ಮಳೆ ಕಡಿಮೆಯಾದ, ದೀರ್ಘ ಚಳಿಗಾಲದ ಆ ನಾಡಿನಲ್ಲಿ ಮೊದಲ ವರ್ಷಗಳ ಬದುಕು ಬಲು ಕಠಿಣವಾಗಿತ್ತು. 1848ರಲ್ಲಿ ಕೀಟಗಳ ಹಿಂಡು ಅವರ ಹೊಸ ಪೈರಿನ ಮೇಲೆ ಎರಗಿತು. ಮುಂದೆ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ, 1936ರಲ್ಲಿ, ಅವರ ಧರ್ಮಸಂಸ್ಥೆಯು ನಿರುದ್ಯೋಗಿಗಳ ನೆರವಿಗಾಗಿ ಒಂದು ವ್ಯವಸ್ಥಿತ ಯೋಜನೆಯನ್ನು ಕೈಗೊಂಡಿತು. ಪ್ರತಿಯೊಂದು ಮನೆಯೂ ತನ್ನ ಆಹಾರವನ್ನು ತಾನು ಕೂಡಿಟ್ಟುಕೊಳ್ಳಬೇಕೆಂಬ ಉಪದೇಶವು ಆ ಸಮಾಜದಲ್ಲಿ ಬೇರೂರಿತು. 2007ರಲ್ಲಿ ಪ್ರಕಟವಾದ ಮಾರ್ಗಸೂಚಿಯು ಈ ಕ್ರಮವನ್ನು ಸರಳಗೊಳಿಸಿ, ಮೊದಲು ಮನೆಯವರು ನಿತ್ಯ ಉಣ್ಣುವ ಪದಾರ್ಥಗಳನ್ನೇ ಮೂರು ತಿಂಗಳಿಗಾಗುವಷ್ಟು ಇಟ್ಟುಕೊಳ್ಳಬೇಕು. ಕುಡಿಯುವ ನೀರನ್ನೂ ಸ್ವಲ್ಪ ಹಣವನ್ನೂ ಕಾಯ್ದಿರಿಸಬೇಕು. ಬಳಿಕ ಗೋಧಿ, ಬಿಳಿಯಕ್ಕಿ, ಕಾಳುಗಳಂತಹ ದೀರ್ಘಕಾಲ ಬಾಳುವ ಧಾನ್ಯಗಳನ್ನು ಕ್ರಮೇಣ ಸೇರಿಸಬೇಕು ಎಂದು ತಿಳಿಸಿತು.

ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕದ್ದು. ಸಂಗ್ರಹವೆಂದೊಡನೆ ಭೂಕಂಪ, ಹಿಮಪಾತಗಳು ನೆನಪಿಗೆ ಬರುತ್ತವೆ. ಆದರೆ ಯಜಮಾನನ ಉದ್ಯೋಗ ಹೋದಾಗ, ಮನೆಯಲ್ಲಿ ಕಾಯಿಲೆ ಬಂದಾಗ, ಸಂಬಳ ತಡವಾದಾಗಲೂ ಉಗ್ರಾಣವೇ ಕುಟುಂಬವನ್ನು ಕಾಪಾಡುತ್ತದೆ. ಅಂಥ ದಿನಗಳಲ್ಲಿ ಮಕ್ಕಳಿಗೆ ಮುಂಜಾನೆ ಬಡಿಸುವ ತಟ್ಟೆಯಲ್ಲಿ ನಿನ್ನೆಯವರೆಗೆ ಕಂಡರಿಯದ ಆಹಾರವಿದ್ದರೆ ಅವರು ಅದನ್ನು ಮುಟ್ಟಲಾರರು. ಹಸಿವಿದ್ದರೂ ರುಚಿ ಹಿಡಿಯದ ಊಟವನ್ನು ಮಕ್ಕಳೂ ವೃದ್ಧರೂ ದೂರ ತಳ್ಳುವುದು ಸಾಮಾನ್ಯ ಅನುಭವ.

ಬೆರ್ರಿ ಹಣ್ಣಿನ ಸ್ಥಾನವಿರುವುದು ಇಲ್ಲಿಯೇ. ಹೊಟ್ಟೆ ತುಂಬಿಸುವುದು ಧಾನ್ಯದ ಕೆಲಸವೇ ಹೊರತು ಬೆರ್ರಿಯದಲ್ಲ. ಸುಮಾರು 3 ಲೀಟರ್ ಹಿಡಿಯುವ ದೊಡ್ಡ ಡಬ್ಬಿಯಲ್ಲಿಯೂ ಒಣಗಿದ ಸ್ಟ್ರಾಬೆರ್ರಿ ಸಾಮಾನ್ಯವಾಗಿ 200 ಗ್ರಾಂಗಿಂತ ಹೆಚ್ಚಿರುವುದಿಲ್ಲ. ಅದರ ಬೆಲೆಯೂ ಅಧಿಕ. ಆದಕಾರಣ ಇದನ್ನು ರೊಟ್ಟಿಯ ಬದಲಿಗೆ ಎಣಿಸದೆ ರೊಟ್ಟಿಯ ಜೊತೆಯ ಚಟ್ನಿಪುಡಿಯ ಸ್ಥಾನದಲ್ಲಿ ಎಣಿಸಬೇಕು. ಚಪ್ಪೆಯಾದ ಗಂಜಿಗೆ ಹುಳಿ, ಸಿಹಿ, ಬಣ್ಣ, ಪರಿಮಳಗಳನ್ನು ಕೊಟ್ಟು ಅದನ್ನು ಉಣ್ಣುವಂತೆ ಮಾಡುವುದು ಅದರ ಮೊದಲ ಪ್ರಯೋಜನ. ಎರಡನೆಯದು ಆರೋಗ್ಯಕ್ಕೆ ಸಂಬಂಧಿಸಿದ್ದು. ಒಣಧಾನ್ಯ, ಬೇಳೆ, ಎಣ್ಣೆ, ಹಾಲಿನ ಪುಡಿಗಳಿಂದಲೇ ತುಂಬಿದ ಉಗ್ರಾಣದಲ್ಲಿ ಸಿ ಜೀವಸತ್ವವು ಇಲ್ಲವೆನ್ನುವಷ್ಟು ಕಡಿಮೆ. 100 ಗ್ರಾಂ ತಾಜಾ ಸ್ಟ್ರಾಬೆರ್ರಿಯಲ್ಲಿ ಸುಮಾರು 60 ಮಿಲಿಗ್ರಾಂ ಸಿ ಜೀವಸತ್ವವಿರುತ್ತದೆ. ಅಷ್ಟೇ ಹಣ್ಣು ಒಣಗಿದಾಗ ತೂಕವು ಸುಮಾರು 10 ಗ್ರಾಂಗೆ ಇಳಿದರೂ ಈ ಸತ್ವದ ಬಹುಭಾಗ ಉಳಿಯುತ್ತದೆ. ಬ್ಲೂಬೆರ್ರಿಯಲ್ಲಿ ಈ ಸತ್ವವು ಬಹಳ ಕಡಿಮೆ; ಆದ್ದರಿಂದ ಡಬ್ಬಿಗಳನ್ನು ಆಯ್ದುಕೊಳ್ಳುವಾಗ ಸ್ಟ್ರಾಬೆರ್ರಿಗೆ ಮೊದಲ ಸ್ಥಾನ ಕೊಡುವುದು ಲೇಸು.

ಒಣಗಿಸುವ ಕ್ರಮ

ನಮ್ಮ ವಿಜಯಪುರದ ಒಣದ್ರಾಕ್ಷಿಯನ್ನು ಎಷ್ಟು ಹೊತ್ತು ನೆನೆಸಿದರೂ ಅದು ಮತ್ತೆ ದ್ರಾಕ್ಷಿಯಾಗುವುದಿಲ್ಲ. ಗಾಳಿಬಿಸಿಲಿಗೆ ಒಣಗುವ ಹಣ್ಣಿನಿಂದ ನೀರು ದ್ರವರೂಪದಲ್ಲಿಯೇ ಹೊರಮೈಗೆ ಹರಿದುಬರುವಾಗ ಒಳಗಿನ ಕೋಶಗಳು ಕುಸಿದು ಹಣ್ಣು ಸುಕ್ಕುಗಟ್ಟುತ್ತದೆ. ಹೆಪ್ಪುಗಟ್ಟಿಸಿ ಒಣಗಿಸುವ ಕ್ರಮ, ಎಂದರೆ ಫ್ರೀಜ್ ಡ್ರೈಯಿಂಗ್, ಇದಕ್ಕಿಂತ ಬೇರೆ. ಕರ್ಪೂರವು ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದಕ್ಕೆ ಉತ್ಪತನವೆಂದು ಹೆಸರು. ಗಾಳಿಯ ಒತ್ತಡವನ್ನು ಬಹಳವಾಗಿ ತಗ್ಗಿಸಿದರೆ ಮಂಜುಗಡ್ಡೆಯೂ ಇದೇ ಬಗೆಯಲ್ಲಿ ಆವಿಯಾಗುತ್ತದೆ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡವು 760 ಮಿಲಿಮೀಟರ್ ಪಾದರಸದಷ್ಟು. ಅದನ್ನು ಸುಮಾರು 4.6 ಮಿಲಿಮೀಟರಿಗಿಂತ ಕೆಳಗಿಳಿಸಿದಾಗ ನೀರು ದ್ರವರೂಪದಲ್ಲಿ ಇರಲಾರದು. ಗಡ್ಡೆಯಾಗಿರಬೇಕು ಇಲ್ಲವೆ ಆವಿಯಾಗಬೇಕು.

ಹಣ್ಣನ್ನು ಮೊದಲು ಕಲ್ಲಿನಂತೆ ಹೆಪ್ಪುಗಟ್ಟಿಸಿ, ನಿರ್ವಾತ ಪೆಟ್ಟಿಗೆಯಲ್ಲಿಟ್ಟು, ಅತಿ ಮೆಲ್ಲನೆ ಶಾಖ ಕೊಡುತ್ತಾರೆ. ಒಳಗಿನ ಹಿಮದ ಹರಳುಗಳು ಆವಿಯಾಗಿ ಹೊರಟುಹೋಗುತ್ತವೆ. ಅವು ಇದ್ದ ಜಾಗವು ಸಣ್ಣ ಸಣ್ಣ ರಂಧ್ರಗಳಾಗಿ ಉಳಿದು, ಹಣ್ಣು ತನ್ನ ಆಕಾರವನ್ನು ಕಳೆದುಕೊಳ್ಳದೆ ಹಗುರವಾದ ಸ್ಪಂಜಿನಂತಾಗುತ್ತದೆ. ನೀರು ತಗುಲಿದೊಡನೆ ಆ ರಂಧ್ರಗಳು ಅದನ್ನು ಹೀರಿಕೊಂಡು ಹಣ್ಣು ಮೃದುವಾಗುತ್ತದೆ.

ಈ ತತ್ತ್ವ ಹೊಸದೇನಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತವಾಸಿಗಳು ಬಹು ಹಿಂದಿನಿಂದಲೂ ಆಲೂಗೆಡ್ಡೆಯನ್ನು ರಾತ್ರಿಯ ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿಸಿ, ಹಗಲು ತುಳಿದು ನೀರು ಹಿಂಡಿ, ಬಿಸಿಲಿನಲ್ಲಿ ಒಣಗಿಸಿ, ಚೂನ್ಯೋ ಎಂಬ ಹೆಸರಿನಿಂದ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದಾರೆ. ಪ್ರಯೋಗಶಾಲೆಯಲ್ಲಿ ಈ ಕ್ರಮವು 1906ರ ಸುಮಾರಿಗೆ ಪ್ಯಾರಿಸ್ಸಿನ ವಿಜ್ಞಾನಿಗಳ ಕೈಯಲ್ಲಿ ರೂಪುಗೊಂಡಿತು. ಎರಡನೆಯ ಮಹಾಯುದ್ಧದಲ್ಲಿ ರಕ್ತದ ಪ್ಲಾಸ್ಮಾವನ್ನು ರಣಾಂಗಣಕ್ಕೆ ಸಾಗಿಸಲು ಬಳಕೆಯಾಯಿತು. ಯುದ್ಧಾನಂತರ ಕಾಫಿಪುಡಿ, ಹಣ್ಣು ಹಾಗೂ ಗಗನಯಾತ್ರಿಗಳ ಆಹಾರಕ್ಕೆ ಹಬ್ಬಿತು. ನಮ್ಮ ಮೈಸೂರಿಗೂ ಈ ವಿದ್ಯೆಗೂ ನಿಕಟ ಸಂಬಂಧವುಂಟು. ರಕ್ಷಣಾ ಆಹಾರ ಸಂಶೋಧನಾಲಯವೆಂಬ ಹೆಸರಿನಿಂದ 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಸಂಸ್ಥೆಯು ಗಡಿ ಕಾಯುವ ಯೋಧರಿಗಾಗಿ ಇಂಥ ಹಗುರವಾದ, ಬಹುಕಾಲ ಬಾಳುವ ಆಹಾರಗಳ ಮೇಲೆ ಸಂಶೋಧನೆ ನಡೆಸಿತು. 1984ರಲ್ಲಿ ರಾಕೇಶ್ ಶರ್ಮಾ ಅವರು ಬಾಹ್ಯಾಕಾಶಯಾನ ಕೈಗೊಂಡಾಗ ಅವರೊಡನೆ ಹೋದ ಭಾರತೀಯ ತಿನಿಸುಗಳು ಅಲ್ಲಿಯೇ ಸಿದ್ಧವಾದವು. 2010ರ ದಶಕದಲ್ಲಿ ಯೂಟಾದಲ್ಲಿ ಗೃಹಬಳಕೆಯ ಚಿಕ್ಕ ಯಂತ್ರಗಳೂ ಮಾರಾಟಕ್ಕೆ ಬಂದುದರಿಂದ, ಈಗ ಕೆಲವರು ತಮ್ಮ ಹಿತ್ತಿಲ ಹಣ್ಣನ್ನು ತಾವೇ ಹೀಗೆ ಒಣಗಿಸುತ್ತಾರೆ. ಒಂದು ತುಂಬು ಹಣ್ಣು ಒಣಗಲು ಸಾಮಾನ್ಯವಾಗಿ ಒಂದು ದಿನವೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ.

ನೀರನ್ನು ಮರಳಿ ಕೊಡುವ ಬಗೆ

ಒಣಬೆರ್ರಿಯ ಅಡುಗೆಯೆಲ್ಲವೂ ತೆಗೆದ ನೀರನ್ನು ಯಾವಾಗ, ಎಷ್ಟು, ಯಾವ ರೂಪದಲ್ಲಿ ಮರಳಿ ಕೊಡಬೇಕೆಂಬ ಲೆಕ್ಕದ ಮೇಲೆ ನಿಂತಿದೆ. ಈ ಲೆಕ್ಕ ತಪ್ಪಿದರೆ ದೊಡ್ಡ ಕಂಪನಿಗಳೂ ಸೋಲುತ್ತವೆ. 1960ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಪೋಸ್ಟ್ ಸಂಸ್ಥೆಯು ಜೋಳದ ಅವಲಕ್ಕಿಯಂತಹ ಕಾರ್ನ್‌ಫ್ಲೇಕ್ಸಿನೊಡನೆ ಒಣಗಿದ ಸ್ಟ್ರಾಬೆರ್ರಿಯನ್ನು ಬೆರೆಸಿ ಮಾರಾಟಕ್ಕೆ ತಂದಿತು. ಹಾಲು ಹಾಕಿದ ಮೇಲೆ ಹಣ್ಣು ಮೆತ್ತಗಾಗುವಷ್ಟರಲ್ಲಿ ಕಾರ್ನ್‌ಫ್ಲೇಕ್ಸು ಮುದ್ದೆಯಾಗಿಬಿಡುತ್ತಿತ್ತು. ಜನರು ಅದನ್ನು ಒಪ್ಪಲಿಲ್ಲ. ಎರಡು ಪದಾರ್ಥಗಳು ನೀರನ್ನು ಹೀರುವ ವೇಗವು ಬೇರೆಯಾಗಿದ್ದರೆ ಅವುಗಳನ್ನು ಒಟ್ಟಿಗೆ ನೆನೆಸಬಾರದೆಂಬ ಪಾಠವನ್ನು ಈ ಪ್ರಸಂಗವು ಕಲಿಸುತ್ತದೆ. ಕಾರ್ನ್‌ಫ್ಲೇಕ್ಸಿನೊಡನೆ ತಿನ್ನುವವರು ಹಣ್ಣನ್ನು ಮೊದಲೇ ಬೇರೆ ಬಟ್ಟಲಿನಲ್ಲಿ ಸ್ವಲ್ಪ ಹಾಲಿನಲ್ಲಿ ನೆನೆಸಿ, ಬಡಿಸುವ ಹೊತ್ತಿಗೆ ಕೂಡಿಸಬೇಕು.

ಹೋಳು ಮಾಡಿದ ಸ್ಟ್ರಾಬೆರ್ರಿಯು ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷಗಳಲ್ಲಿ ನೆನೆಯುತ್ತದೆ. ರಾಸ್‌ಬೆರ್ರಿಗೆ ಇನ್ನೂ ಕಡಿಮೆ ಹೊತ್ತು ಸಾಕು. ಆದರೆ ಅದು ಬೇಗನೆ ಚೂರಾಗುತ್ತದೆ. ಇಡಿಯಾದ ಬ್ಲೂಬೆರ್ರಿಯ ಸಿಪ್ಪೆಯು ನೀರನ್ನು ತಡೆಯುವುದರಿಂದ ಅದಕ್ಕೆ ಹೆಚ್ಚು ಹೊತ್ತು ಬೇಕು. ಒಂದು ಬಟ್ಟಲು ಹಣ್ಣಿಗೆ ಅರ್ಧ ಬಟ್ಟಲು ನೀರಿನಿಂದ ಮೊದಲುಮಾಡಿ, ಬೇಕಾದರೆ ಮಾತ್ರ ಮತ್ತಷ್ಟು ಸೇರಿಸುವುದು ಒಳ್ಳೆಯದು. ನೆನೆಸಿದ ನೀರನ್ನು ಚೆಲ್ಲಕೂಡದು. ಹಣ್ಣಿನ ಬಣ್ಣ, ಹುಳಿ, ಸಿ ಜೀವಸತ್ವಗಳ ಒಂದಂಶ ಅದರಲ್ಲಿಯೇ ಇರುತ್ತದೆ. ಹಿಟ್ಟು ಕಲಸಲು ಅದನ್ನೇ ಬಳಸಬೇಕು. ನೆನೆದ ಹಣ್ಣು ತಾಜಾ ಹಣ್ಣಿನಷ್ಟು ಗಟ್ಟಿಯಾಗಿರದೆ ಮೆತ್ತಗಿರುವುದು ಸಹಜ.

ಉಪಾಹಾರದ ತಿನಿಸುಗಳು

ಎಲ್ಲಕ್ಕಿಂತ ಸುಲಭವಾದುದು ಓಟ್ಸ್ ಗಂಜಿ. ಒಂದು ಬಟ್ಟಲು ಓಟ್ಸಿಗೆ ಎರಡು ಬಟ್ಟಲು ನೀರು, ಚಿಟಿಕೆ ಉಪ್ಪು ಹಾಕಿ ಐದು ನಿಮಿಷ ಬೇಯಿಸಬೇಕು. ಕಾಲು ಬಟ್ಟಲು ಒಣಬೆರ್ರಿಯಲ್ಲಿ ಅರ್ಧವನ್ನು ಕೊನೆಯ ಎರಡು ನಿಮಿಷಗಳಲ್ಲಿ ಗಂಜಿಗೆ ಹಾಕಿ, ಹೆಚ್ಚಿಗೆ ಎರಡು ಮೂರು ಚಮಚ ನೀರು ಸೇರಿಸಬೇಕು. ಇಲ್ಲವಾದರೆ ಹಣ್ಣು ಗಂಜಿಯ ನೀರನ್ನೇ ಹೀರಿ ಅದನ್ನು ಗಟ್ಟಿಯಾಗಿಸುತ್ತದೆ. ಬೆಂದ ಹಣ್ಣು ಗಂಜಿಗೆಲ್ಲ ಬಣ್ಣ ರುಚಿಗಳನ್ನು ಹರಡುತ್ತದೆ. ಉಳಿದರ್ಧವನ್ನು ಒಲೆಯಿಂದ ಇಳಿಸಿದ ಮೇಲೆ ಉದುರಿಸಿದರೆ ಬಾಯಿಗೆ ತುಸು ಗರಿಗರಿಯಾಗಿಯೂ ಇರುತ್ತದೆ, ಶಾಖಕ್ಕೆ ನಾಶವಾಗುವ ಸಿ ಜೀವಸತ್ವವೂ ಅದರಲ್ಲಿ ಉಳಿಯುತ್ತದೆ.

ಎರಡನೆಯದು ಪ್ಯಾನ್‌ಕೇಕ್. ನಮ್ಮ ದೋಸೆಯ ದೂರದ ಬಂಧುವೆನ್ನಬಹುದಾದ ಇದನ್ನು ಪೂರ್ತಿಯಾಗಿ ಉಗ್ರಾಣದ ಪದಾರ್ಥಗಳಿಂದಲೇ ಮಾಡಬಹುದು. ಸಂಗ್ರಹದ ಗೋಧಿಯನ್ನು ಬೀಸಿದ ಹಿಟ್ಟು ಒಂದು ಬಟ್ಟಲು, ಬೇಕಿಂಗ್ ಪೌಡರ್ ಎರಡು ಟೀ ಚಮಚ, ಸಕ್ಕರೆ ಒಂದು ದೊಡ್ಡ ಚಮಚ, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ, ಹಾಲಿನ ಪುಡಿಯಿಂದ ಮಾಡಿದ ಹಾಲು ಸುಮಾರು ಒಂದು ಬಟ್ಟಲು. ಅಲ್ಲಿಯವರು ಸಾಮಾನ್ಯವಾಗಿ ಇದಕ್ಕೆ ಮೊಟ್ಟೆಯನ್ನು ಹಾಕುತ್ತಾರೆ; ಸಸ್ಯಾಹಾರಿಗಳು ಅದಿಲ್ಲದೆಯೇ ಮಾಡಿಕೊಳ್ಳಬಹುದು. ಹಿಟ್ಟನ್ನು ಹೆಚ್ಚು ಕಲಕದೆ ಹತ್ತು ನಿಮಿಷ ಬಿಟ್ಟು, ಕಾವಲಿಯ ಮೇಲೆ ಸಣ್ಣದಾಗಿ ಹೊಯ್ಯಬೇಕು. ನೆನೆಸಿ ಬಸಿದ ಬೆರ್ರಿಯನ್ನು ಹಿಟ್ಟಿನಲ್ಲಿ ಕಲಸದೆ, ಉತ್ತಪ್ಪದ ಮೇಲೆ ಈರುಳ್ಳಿ ಉದುರಿಸುವಂತೆ, ಹೊಯ್ದ ಮೇಲೆ ಉದುರಿಸಿ ಮಗುಚಿಹಾಕಬೇಕು. ಹೀಗೆ ಮಾಡಿದರೆ ಹಣ್ಣಿನ ರಸವು ಹಿಟ್ಟಿಗೆಲ್ಲ ಹರಡಿ ಬಣ್ಣಗೆಡಿಸುವುದಿಲ್ಲ.

ಇಲ್ಲಿ ರಸಾಯನಶಾಸ್ತ್ರದ ಒಂದು ಸೂಕ್ಷ್ಮವುಂಟು. ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದನ್ನು ನಾವು ಬಲ್ಲೆವು. ಅದೇ ರೀತಿ ಬ್ಲೂಬೆರ್ರಿಯ ಬಣ್ಣವೂ ಹುಳಿಯಲ್ಲಿ ಕೆಂಪೇರಿ, ಕ್ಷಾರದಲ್ಲಿ ನೀಲಿ ಹಸಿರಿಗೆ ತಿರುಗುತ್ತದೆ. ಹಿಟ್ಟಿಗೆ ಬರಿಯ ಅಡುಗೆ ಸೋಡವನ್ನು ಹೆಚ್ಚಾಗಿ ಹಾಕಿದಲ್ಲಿ ಹಣ್ಣಿನ ಸುತ್ತ ಹಸಿರು ಕಲೆ ಮೂಡಿ, ಕೆಟ್ಟಿತೆಂದು ಕೆಲವರು ಎಸೆದುಬಿಡುತ್ತಾರೆ. ಅದು ಕೆಟ್ಟಿರುವುದಿಲ್ಲ. ಸೋಡವನ್ನು ಕಡಿಮೆ ಮಾಡಿ ಒಂದೆರಡು ಚಮಚ ಮಜ್ಜಿಗೆಯನ್ನು ಸೇರಿಸಿದರೆ ಬಣ್ಣ ಸರಿಹೋಗುತ್ತದೆ.

ಒಲೆಯೊಳಗೆ ಬೇಯಿಸುವ ಮಫಿನ್ ಎಂಬ ಪುಟ್ಟ ಕೇಕುಗಳಿಗೂ ಇದೇ ಹಣ್ಣನ್ನು ಹಾಕುತ್ತಾರೆ. ಒಣಹಣ್ಣನ್ನು ನೆನೆಸದೆ ಹಾಗೆಯೇ ಹಾಕಿದರೆ ಅದು ಹಿಟ್ಟಿನ ತೇವವನ್ನು ಸೆಳೆದುಕೊಂಡು ಕೇಕನ್ನು ಬಿರುಸಾಗಿಸುತ್ತದೆ. ಆದುದರಿಂದ ನೆನೆಸಿ ಹಾಕಬೇಕು, ಇಲ್ಲವೆ ಹಾಲನ್ನು ಒಂದೆರಡು ಚಮಚ ಹೆಚ್ಚಿಸಬೇಕು. ಒಂದು ಬಟ್ಟಲು ಹಣ್ಣು, ಒಂದು ಬಟ್ಟಲು ನೀರು, ಅರ್ಧ ಬಟ್ಟಲು ಸಕ್ಕರೆಯನ್ನು ಐದಾರು ನಿಮಿಷ ಕುದಿಸಿದರೆ ಪ್ಯಾನ್‌ಕೇಕಿನ ಮೇಲೆ ಸುರಿಯಲು ತಕ್ಕ ಪಾಕವಾಗುತ್ತದೆ. ಡಬ್ಬಿಯ ತಳದಲ್ಲಿ ಉಳಿಯುವ ಚೂರುಗಳನ್ನು ಪುಡಿಮಾಡಿ ಗಟ್ಟಿ ಮೊಸರಿಗೆ ಕಲಸಬಹುದು. ತಾಜಾ ಹಣ್ಣು ಮೊಸರನ್ನು ನೀರಾಗಿಸಿದರೆ, ಈ ಪುಡಿಯು ಅದನ್ನು ಇನ್ನೂ ಗಟ್ಟಿಯಾಗಿಸುತ್ತದೆ.

ಪಾಲಿಸಬೇಕಾದ ಎಚ್ಚರಿಕೆಗಳು

ಮುಚ್ಚಿದ ಡಬ್ಬಿಯು ಇಪ್ಪತ್ತು, ಮೂವತ್ತು ವರ್ಷ ಬಾಳುವುದೆಂದು ತಯಾರಕರು ಹೇಳುವುದುಂಟು. ಆದರೆ ಆ ಮಾತು ತಂಪಾದ, ಕತ್ತಲಾದ, ಒಣಜಾಗದಲ್ಲಿರುವ, ತೆರೆಯದ ಡಬ್ಬಿಗೆ ಮಾತ್ರ ಅನ್ವಯಿಸುತ್ತದೆ. ತೆರೆದೊಡನೆ ಲೆಕ್ಕ ಬದಲಾಗುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಹೊರಗಿಟ್ಟ ಹಪ್ಪಳವು ಹೇಗೆ ಮೆತ್ತಗಾಗುವುದೋ ಹಾಗೆಯೇ ಈ ಹಣ್ಣೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಯೂಟಾದ ಒಣಹವೆಯಲ್ಲಿ ಕೆಲಕಾಲ ತಾಳುವ ಹಣ್ಣು ನಮ್ಮ ಕರಾವಳಿ ಮಲೆನಾಡುಗಳ ಹವೆಯಲ್ಲಿ ಬಹುಬೇಗನೆ ಅಂಟಾಗುವುದು. ತೆರೆದ ಡಬ್ಬಿಯ ಹಣ್ಣನ್ನು ಬಿಗಿಮುಚ್ಚಳದ ಸಣ್ಣ ಗಾಜಿನ ಸೀಸೆಗಳಿಗೆ ಹಂಚಿ, ಒಂದೊಂದನ್ನೇ ಬಳಸಬೇಕು. ಉಪ್ಪಿನಕಾಯಿಯ ಜಾಡಿಗೆ ಒದ್ದೆ ಸೌಟನ್ನು ಹಾಕಬಾರದೆಂದು ನಮ್ಮ ಮನೆಗಳಲ್ಲಿ ಹೇಳುವ ನಿಯಮವು ಇದಕ್ಕೂ ಸಲ್ಲುತ್ತದೆ. ಹಣ್ಣಿನ ಚೂರು ಮುರಿದಾಗ ಪಟ್ಟೆಂದು ಮುರಿಯಬೇಕು. ಬಾಗಿದರೆ ತೇವ ಹೊಕ್ಕಿದೆಯೆಂದರ್ಥ. ಅಂಥದನ್ನು ಆ ದಿನವೇ ಬೇಯಿಸಿ ಮುಗಿಸಬೇಕು. ಬೂಸಲು ಅಥವಾ ಕೆಟ್ಟ ವಾಸನೆ ಕಂಡುಬಂದರೆ ಎಸೆಯಬೇಕು. ಡಬ್ಬಿಯೊಳಗಿನ ಚಿಕ್ಕ ಪೊಟ್ಟಣದಲ್ಲಿರುವುದು ತುಕ್ಕುಹಿಡಿಯುತ್ತ ಆಮ್ಲಜನಕವನ್ನು ಹೀರುವ ಕಬ್ಬಿಣದ ಪುಡಿ. ಅದು ತಿನ್ನುವ ವಸ್ತುವಲ್ಲವೆಂದು ಮಕ್ಕಳಿಗೆ ತಿಳಿಸಿಹೇಳಬೇಕು.

ಇನ್ನೊಂದು ಸಂಗತಿಯನ್ನು ಬಹುಜನ ಅರಿಯರು. ಈ ಕ್ರಮವು ತೇವವನ್ನು ನೀಗುತ್ತದೆಯೇ ಹೊರತು ರೋಗಾಣುಗಳನ್ನು ಕೊಲ್ಲುವುದಿಲ್ಲ. ಪ್ರಯೋಗಶಾಲೆಗಳಲ್ಲಿ ಸೂಕ್ಷ್ಮಜೀವಿಗಳನ್ನು ಜೀವಂತವಾಗಿ ಕಾಪಿಡಲು ಬಳಸುವುದೂ ಇದೇ ಕ್ರಮವನ್ನು! ಹೆಪಟೈಟಿಸ್ ಎ ಎಂಬ ಕಾಮಾಲೆಯ ವೈರಾಣು ಚಳಿಯಲ್ಲಿ ಸಾಯುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಹೆಪ್ಪುಗಟ್ಟಿಸಿದ ಸ್ಟ್ರಾಬೆರ್ರಿಯಿಂದಲೇ ಈ ರೋಗ ಹರಡಿದ ಉದಾಹರಣೆಯುಂಟು. ಆದಕಾರಣ ಚಿಕ್ಕ ಮಕ್ಕಳು, ಗರ್ಭಿಣಿಯರು, ವೃದ್ಧರು, ರೋಗಿಗಳಿಗೆ ಬಡಿಸುವಾಗ ಹಣ್ಣನ್ನೆಲ್ಲ ಗಂಜಿಯೊಡನೆ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸುವುದೇ ಯುಕ್ತ. ಅದರಿಂದ ಜೀವಸತ್ವವು ಸ್ವಲ್ಪ ನಷ್ಟವಾದರೂ ರೋಗಭಯಕ್ಕಿಂತ ಆ ನಷ್ಟವೇ ಮೇಲು. ನೆನೆಸಿದ ಹಣ್ಣು ತಾಜಾ ಹಣ್ಣಿನಂತೆಯೇ ಕೆಡುವುದರಿಂದ ಅದನ್ನು ಹೊರಗಿಡದೆ, ಆಗಿಂದಾಗ ಬೇಕಾದಷ್ಟನ್ನೇ ನೆನೆಸಬೇಕು.

ಸರದಿಯ ನಿಯಮ

ಇಷ್ಟನ್ನು ತಿಳಿದವರು ತಮ್ಮ ಉಗ್ರಾಣದಲ್ಲಿ ಒಂದು ಸರಳ ನಿಯಮವನ್ನು ಪಾಲಿಸುತ್ತಾರೆ. ಪ್ರತಿಯೊಂದು ಡಬ್ಬಿಯ ಮೇಲೂ ತಂದ ತಿಂಗಳು, ವರ್ಷವನ್ನು ಬರೆಯುತ್ತಾರೆ. ಹೊಸದನ್ನು ಹಿಂದೆ, ಹಳೆಯದನ್ನು ಮುಂದೆ ಇಡುತ್ತಾರೆ. ಮೊದಲು ಬಂದುದನ್ನೇ ಮೊದಲು ತೆರೆಯುತ್ತಾರೆ. ಐವರ ಕುಟುಂಬವೊಂದು ವಾರಕ್ಕೆ ಎರಡು ಮುಂಜಾನೆ 20 ಗ್ರಾಂನಂತೆ ಬಳಸಿದರೆ 200 ಗ್ರಾಂ ಹಣ್ಣಿನ ಒಂದು ಡಬ್ಬಿಯು ಐದು ವಾರಗಳಲ್ಲಿ ಮುಗಿಯುತ್ತದೆ. ಅದು ಮುಗಿಯುವ ಮೊದಲು ಇನ್ನೊಂದನ್ನು ತಂದಿಟ್ಟರೆ ಸಂಗ್ರಹ ಕುಂದುವುದಿಲ್ಲ, ಹಳಸುವುದೂ ಇಲ್ಲ. ಇದಕ್ಕೆ ಮುಂಜಾನೆಯ ಹೊತ್ತೇ ಅತ್ಯಂತ ಅನುಕೂಲ. ಮಧ್ಯಾಹ್ನ ಹಾಗೂ ರಾತ್ರಿಯ ಅಡುಗೆ ದಿನಕ್ಕೊಂದು ಬಗೆಯಾದರೂ ಉಪಾಹಾರವು ವಾರವಾರವೂ ಮರಳಿ ಬರುತ್ತದೆ. ಮಾಡುವ ಕೈಗೆ ಅಳತೆ ಕುದುರುತ್ತದೆ, ತಿನ್ನುವ ನಾಲಿಗೆಗೆ ರುಚಿ ಹಿಡಿಯುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ದುಬಾರಿ ಡಬ್ಬಿಗಳನ್ನು ಒಮ್ಮೆಗೇ ಕೊಂಡು, ನೆಲಮಾಳಿಗೆಯಲ್ಲಿಟ್ಟು ಮರೆತವರ ಪಾಡನ್ನು ಊಹಿಸಬಹುದು. ಕಷ್ಟದ ದಿನ ಅವರು ಡಬ್ಬಿಯನ್ನು ತೆರೆದಾಗ ಎಷ್ಟು ನೀರು ಹಾಕಬೇಕೆಂಬುದು ಗೃಹಿಣಿಗೆ ತಿಳಿಯದು. ಮಕ್ಕಳಿಗೆ ಆ ರುಚಿಯ ಪರಿಚಯವಿರದು. ಮುಚ್ಚಳ ಸಡಿಲವಾಗಿ ಹಣ್ಣು ಎಂದೋ ಕೆಟ್ಟಿದ್ದರೂ ಯಾರ ಗಮನಕ್ಕೂ ಬಂದಿರದು. ಧನವೂ ಹೋಯಿತು, ಧೈರ್ಯವೂ ಹೋಯಿತು ಎಂಬಂತಾಗುವುದು.

ವಿದೇಶಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಹಣ್ಣಿನ ಡಬ್ಬಿಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತವೆ. ಅವರು ಮೇಲಿನ ಕ್ರಮಗಳನ್ನು ಅನುಸರಿಸಿ ನೋಡಬಹುದು. ಇಲ್ಲಿರುವವರು ಕೇವಲ ಕುತೂಹಲಕ್ಕಾಗಿ ಅಷ್ಟೊಂದು ಬೆಲೆ ತೆರಬೇಕಾದುದಿಲ್ಲ. ಅವರ ಉಗ್ರಾಣಕ್ಕೆ ತಕ್ಕ ಒಣಪದಾರ್ಥಗಳು ನಮ್ಮಲ್ಲಿಯೇ ಹೇರಳವಾಗಿವೆ. ಆದರೆ ಸರದಿಯ ನಿಯಮವು ಸ್ಟ್ರಾಬೆರ್ರಿಗೆ ಹೇಗೋ ನಮ್ಮ ಅವಲಕ್ಕಿ, ಶಾವಿಗೆ, ಬೇಳೆಗಳಿಗೂ ಹಾಗೆಯೇ. ಶಾಲೆಯ ಅಧ್ಯಾಪಕರು ಉತ್ಪತನದ ಪಾಠವನ್ನು ಹೇಳುವಾಗ ಕರ್ಪೂರದ ಜೊತೆಗೆ ಈ ಹಣ್ಣಿನ ಉದಾಹರಣೆಯನ್ನೂ ಕೊಡಬಹುದು. ಗೃಹಿಣಿಯರು ಈ ತಿಂಗಳಲ್ಲಿ ಒಂದು ದಿನ ತಮ್ಮ ಉಗ್ರಾಣದ ಹಿಂದಿನ ಸಾಲಿನ ಡಬ್ಬಿಗಳನ್ನು ಮುಂದಕ್ಕೆ ತಂದು, ಅದರಲ್ಲಿರುವುದನ್ನು ಮರುದಿನದ ಉಪಾಹಾರಕ್ಕೆ ಬಳಸಿದರೆ ಈ ಲೇಖನದ ಶ್ರಮ ಸಾರ್ಥಕವಾದಂತೆ.